ಗಾಜಿನ ಪೆಟ್ಟಿಗೆಯ ಕಲ್ಲು

ಭೂವಿಜ್ಞಾನದ ಮೇಷ್ಟ್ರಿಗೆ ಯಾರು ಯಾವ ಕಲ್ಲು ತಂದು ತೋರಿಸಿದರೂ ಮೊದಲ ಪ್ರಶ್ನೆ ಒಂದೇ: “ಬೆಟ್ಟದಿಂದ್ಲೇ ಒಡೆದು ತಂದಿದ್ದೋ, ದಾರೀಲಿ ಬಿದ್ದಿತ್ತೋ?” ಬಿದ್ದಿತ್ತು ಎಂದರೆ ಮುಗಿಯಿತು, ಕಲ್ಲೂ ವಿದ್ಯಾರ್ಥಿಯೂ ಒಟ್ಟಿಗೇ ಬಾಗಿಲಾಚೆ. “ಎಲ್ಲಿಂದ ಬಂತೋ ಗೊತ್ತಿಲ್ಲದ ಕಲ್ಲು ಯಾವ ಬೆಟ್ಟಕ್ಕೆ ಸಾಕ್ಷಿ ಹೇಳುತ್ತಯ್ಯಾ?” ಮನೆಯಲ್ಲಿ ಹಣ್ಣು ಹೆಚ್ಚಿಕೊಟ್ಟರೂ ಇದೇ ವಿಚಾರಣೆ, ಮರದಿಂದ ಕಿತ್ತಿದ್ದೋ ಬಿದ್ದಿದ್ದೋ ಎಂದು; “ಬಿದ್ದಿದ್ದೇ, ಸುಮ್ನೆ ತಿನ್ನಿ” ಎನ್ನುತ್ತಾರೆ ಹೆಂಡತಿ. ಖಂಡಕ್ಕೆ ಖಂಡ ಡಿಕ್ಕಿ ಹೊಡೆದಾಗ ಬೆಟ್ಟದ ಬುಡದ ಬಂಡೆ ಬೆಂದು, ಅರೆಬರೆ ಕರಗಿ, ಬಿಳಿ ಗೆರೆಯಾಗಿ ಹೆಪ್ಪುಗಟ್ಟುವ ಪಾಠ ಬಂದಾಗ, ಒಂದು ಬೆಟ್ಟದ ಹುಟ್ಟಿಗೆ ಸಾಕ್ಷಿಯೆಂದು ಅವರಿಗೆ ಹೆಸರು ತಂದುಕೊಟ್ಟ, ಗಾಜಿನ ಪೆಟ್ಟಿಗೆಯಲ್ಲಿರುವ ಬಿಳಿಗೆರೆಯ ಕಲ್ಲನ್ನು ತರಗತಿಯೆಲ್ಲ ತಿರುಗಿ ನೋಡುತ್ತದೆ. ಮೇಷ್ಟ್ರು ಮಾತ್ರ ಬೋರ್ಡಿಗೆ ಮುಖಮಾಡಿ ಒರೆಸಿದ್ದನ್ನೇ ಒರೆಸುತ್ತಾರೆ. ಮೂವತ್ತು ವರ್ಷದ ಹಿಂದೆ, ಆ ಬೆಟ್ಟ ಹತ್ತಲು ಮೈಬಗ್ಗದೆ, ಅದನ್ನವರು ಎತ್ತಿಕೊಂಡದ್ದು ಎಲ್ಲಿಂದಲೋ ಬಂದ ಲಾರಿ ರಸ್ತೆ ಕೆಲಸಕ್ಕೆಂದು ಸುರಿದುಹೋಗಿದ್ದ ಕಲ್ಲುರಾಶಿಯಿಂದ.