ಬ್ರಾಡನ ಸ್ನಾನ, ನಮ್ಮ ಭಜನೆ

ನಾನು ಇಂಗ್ಲೆಂಡ್ ನೋಡಿದವಳಲ್ಲ. ಅಮೆರಿಕವನ್ನೂ ನೋಡಿಲ್ಲ. ಆದರೆ ಇಂಗ್ಲೆಂಡಿನ ಒಂದು ಬಾಡಿಗೆ ಕೋಣೆಯಲ್ಲಿದ್ದ ಅಮೆರಿಕನ್ ವಿದ್ಯಾರ್ಥಿಯೊಬ್ಬ ವಾರಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಿದ್ದ ಎಂದು ನೀವು ಕೇಳಿದರೆ ಈಗಲೂ ತಡವರಿಸದೆ ಹೇಳಬಲ್ಲೆ. ಅವನು ಬ್ರೆಡ್ಡಿಗೆ ಏನು ಹಚ್ಚುತ್ತಿದ್ದ, ಎಂಥ ಚಳಿಯಲ್ಲಿ ಚಡ್ಡಿ ಹಾಕಿಕೊಂಡು ಹೊರಗೆ ಹೋದ, ತರಗತಿಯಲ್ಲಿ ಎಷ್ಟು ಸಲ ಕೈ ಎತ್ತಿದ, ಎಲ್ಲವೂ ನನಗೆ ಬಾಯಿಪಾಠ. ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಒಂದು ವಿಷಯದಲ್ಲಾದರೂ ಇಷ್ಟು ಪಾಂಡಿತ್ಯ ಇರುವುದು ಕಡಿಮೆ ಮಾತಲ್ಲ. ಅದೇ ಕೋಣೆಯಲ್ಲಿ, ಅವನ ಎದುರಿನ ಮಂಚದ ಮೇಲೆ ಮಲಗುತ್ತಿದ್ದ ನನ್ನ ಸ್ವಂತ ತಮ್ಮ ಆ ವರ್ಷ ಹೇಗಿದ್ದ ಎಂದು ಮಾತ್ರ ಕೇಳಬೇಡಿ. ಅದು ನನಗೆ ಗೊತ್ತಿರಲಿಲ್ಲ. ಏಕೆ ಗೊತ್ತಿರಲಿಲ್ಲ ಎನ್ನುವುದು ನಾನು ಇಷ್ಟು ಕಾಲ ಮುಚ್ಚಿಟ್ಟ ಸಂಗತಿ.

ಆಗ ನಾವು ಒಮಾನಿನ ಬರ್ಕಾದಲ್ಲಿದ್ದೆವು. ತೊಂಬತ್ತರ ಆಸುಪಾಸು. ನನ್ನ ಯಜಮಾನರು ತೋಟಗಳಿಗೆ ಪಂಪು, ಪೈಪು ಮಾರುವ ಕಂಪನಿಯಲ್ಲಿ ಸ್ಟೋರ್ ಕೀಪರ್. ತಮ್ಮ ದಿನೇಶ, ನಮ್ಮ ದಿನು, ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿನ ಯೂನಿವರ್ಸಿಟಿ ಸೇರಿದ್ದ. ಸ್ಕಾಲರ್‌ಶಿಪ್ ಸಿಕ್ಕಿದ್ದು ಅವನ ತಲೆಗೆ, ಅದರ ಕೀರ್ತಿಯನ್ನು ಬರ್ಕಾದಲ್ಲಿ ವಸೂಲಿ ಮಾಡುತ್ತಿದ್ದವಳು ನಾನು. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು, ಬೀಡಿ ಕಟ್ಟಿ ಅವನನ್ನು ಓದಿಸಿದವಳು ನಾನಲ್ಲವೇ? ಹೊಸದಾಗಿ ಪರಿಚಯವಾದವರಿಗೆ ಅವರ ಚಹಾ ಆರುವ ಮೊದಲೇ ಈ ಮಾತನ್ನು ತಿಳಿಸಿಬಿಡುತ್ತಿದ್ದೆ.

ಆ ಕಾಲದಲ್ಲಿ ಗಲ್ಫಿನಲ್ಲಿದ್ದ ನಮ್ಮವರು ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತನಾಡುವುದು ಹೆಚ್ಚು. ಟೇಪ್ ರೆಕಾರ್ಡರಿನ ಮುಂದೆ ಕುಳಿತು ಅರ್ಧ ಗಂಟೆ ಮಾತನಾಡಿ, ನಡುವೆ ಮಗುವಿನ ಅಳು, ಕುಕ್ಕರಿನ ಸೀಟಿ ಎಲ್ಲವನ್ನೂ ಸೇರಿಸಿ ಕಳಿಸುತ್ತಿದ್ದೆವು. ನನಗಂತೂ ಇದು ವರವಾಯಿತು. ಕಾಗದದಲ್ಲಿ ನನ್ನ ಏಳನೆಯ ತರಗತಿ ಕಾಣುತ್ತದೆ, ಕ್ಯಾಸೆಟ್ಟಿನಲ್ಲಿ ಕಾಣುವುದಿಲ್ಲ. ದಿನುವೂ ತಿಂಗಳಿಗೊಂದು ಕ್ಯಾಸೆಟ್ ಕಳಿಸುತ್ತಿದ್ದ. ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದದ್ದನ್ನು ಯಜಮಾನರು ಅಂಗಿಯ ಜೇಬಿನಲ್ಲಿ ತರುತ್ತಿದ್ದರು. ಶುಕ್ರವಾರ ರಜೆ. ನಮ್ಮ ಮನೆಯಲ್ಲಿ ಒಂದಿಷ್ಟು ಹೆಂಗಸರು ಸೇರಿ, ಬಾಗಿಲು ಹಾಕಿಕೊಂಡು ಮೆಲ್ಲನೆ ಭಜನೆ ಮಾಡುತ್ತಿದ್ದೆವು. ಆಮೇಲೆ ಅವಲಕ್ಕಿ, ಚಹಾ, ಅದರ ಮೇಲೆ ದಿನುವಿನ ಕ್ಯಾಸೆಟ್. ಮನೆಯಲ್ಲಿ ನಮ್ಮದು ತುಳು. ಆದರೆ ಭಜನೆಗೆ ಮೈಸೂರಿನ ಪದ್ಮಾ ಮೇಡಂ ಬರುತ್ತಿದ್ದರು, ಅವರ ಯಜಮಾನರು ಎಂಜಿನಿಯರು. ಅವರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಮಾತನಾಡಲು ನಾನೇ ದಿನುವಿಗೆ ಹೇಳಿ ಕಳಿಸಿದೆ. ತಮ್ಮನಾದವನು ಅಕ್ಕನ ಜೊತೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಎಂಜಿನಿಯರ ಹೆಂಡತಿ ಇರುವ ಕಡೆ ಹೀಗೆ ತೀರ್ಮಾನವಾಗುತ್ತದೆ.

ಮೊದಲ ಕ್ಯಾಸೆಟ್ಟಿನಲ್ಲಿ ಅವನು ತನ್ನ ಬಗ್ಗೆಯೇ ಹೇಳಿದ್ದ. ಚಳಿ, ಊಟ, ಪುಸ್ತಕ, ಅಮ್ಮನ ನೆನಪು. ನಮ್ಮ ಹೆಂಗಸರು ಆಕಳಿಸಿದರು. ಎರಡನೆಯದರಲ್ಲಿ ಕೋಣೆಯ ಜೊತೆಗಾರ ಬ್ರಾಡ್ ಬಂದ. ಒಂದು ವರ್ಷಕ್ಕೆಂದು ಅಮೆರಿಕದಿಂದ ಇಂಗ್ಲೆಂಡಿಗೆ ಓದಲು ಬಂದವನು. ಇಂಗ್ಲಿಷೇ ಮಾತನಾಡುವ ದೇಶದಿಂದ ಇಂಗ್ಲಿಷರ ದೇಶಕ್ಕೆ ಬಂದು, ಅಲ್ಲಿ ಒಂದೂ ತಿಳಿಯದೆ ಒದ್ದಾಡುವವನು ಎಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಆ ಮನೆಯ ಯಜಮಾನಿ ಮುದುಕಿ ಬಚ್ಚಲಿನ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿದ್ದಳಂತೆ. ಬ್ರಾಡನಿಗೆ ಮಂಗಳವಾರ ಮತ್ತು ಶನಿವಾರ. ಅವನಿಗೋ ದಿನಾ ಸ್ನಾನ ಬೇಕು.

"ವಾರಕ್ಕೆ ಎರಡು ಸಲವಾ? ಇಶ್ಶಿ!" ಎಂದಳು ಸುಮತಿ. ಸಹಮ್‌ನಲ್ಲಿ ಇವಳ ಗಂಡನದು ಟೈಲರ್ ಅಂಗಡಿ, ಬರ್ಕಾದಿಂದ ಕಾರಿನಲ್ಲಿ ಎರಡು ಗಂಟೆ ದೂರದ ಊರು. ತಿಂಗಳಿಗೊಮ್ಮೆ ಭಜನೆಗೆ ಅಲ್ಲಿಂದ ಬರುತ್ತಿದ್ದಳು. "ಬಿಳಿಯರು ಅಂದ್ರೆ ಎಂತ ಅಂತ ತಿಳ್ಕೊಂಡಿದ್ದೆ ಮಾರಾಯ್ತಿ!"

ಆ ಒಂದು ವಿಷಯದಲ್ಲಿ ನಾವೆಲ್ಲ ಬ್ರಾಡನ ಕಡೆ. ಉಳಿದ ಐದು ದಿನ ಅವನು ಯೂನಿವರ್ಸಿಟಿಯ ಈಜುಕೊಳಕ್ಕೆ ಹೋಗಿ ಮಿಂದು ಬರುತ್ತಿದ್ದನಂತೆ. ಹಾಗಾದರೆ ದಿನು ಎಲ್ಲಿ ಮೀಯುತ್ತಿದ್ದ? ಕೇಳಬಹುದಿತ್ತು. ಕೇಳಲಿಲ್ಲ.

ಅಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ, ಎರಡೂ ಒಂದೊಂದು ಮೂಲೆಯಲ್ಲಿ. ಬ್ರಾಡ್ ಒಂದು ಕೈ ಸುಟ್ಟುಕೊಂಡು, ಇನ್ನೊಂದು ಕೈ ಮರಗಟ್ಟಿಸಿಕೊಂಡು ಮುಖ ತೊಳೆಯುತ್ತಿದ್ದ. ಹೋಟೆಲಿನಲ್ಲಿ ಐಸ್ ಕೇಳಿದರೆ ಚಿಮಟದಲ್ಲಿ ಹಿಡಿದು ಒಂದೇ ಒಂದು ತುಂಡು ಹಾಕುತ್ತಿದ್ದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವನು ಹಲ್ಲು ಬಿಟ್ಟು ನಮಸ್ಕಾರ ಹೇಳುತ್ತಿದ್ದುದರಿಂದ ಆ ಬೀದಿಯ ಮುದುಕಿಯರು ಎದುರು ಬದಿಗೆ ದಾಟಿಕೊಳ್ಳುತ್ತಿದ್ದರು. ನಾನು ದಿನುವಿಗೆಂದು ಕಳಿಸಿದ ಮಿಡಿ ಉಪ್ಪಿನಕಾಯಿಯನ್ನು ಬ್ರಾಡ್ ತನ್ನ ನೆಲಗಡಲೆ ಬೆಣ್ಣೆಯ ಜೊತೆ ಬ್ರೆಡ್ಡಿಗೆ ಹಚ್ಚಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಇನ್ನೂ ಸ್ವಲ್ಪ ಕೇಳಿದನಂತೆ. ರಸ್ತೆ ದಾಟುವಾಗ ಅವನು ತಪ್ಪು ದಿಕ್ಕಿಗೆ ನೋಡಿ ಬಸ್ಸಿನಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡ ಕಥೆ ಬಂದಾಗ ಮಾತ್ರ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಅವನ ಊರಿನ ಲೆಕ್ಕಕ್ಕೆ ಅವ ನೋಡಿದ್ದು ಸರಿಯೇ. ಇಲ್ಲಿ ಒಮಾನಿನಲ್ಲಿಯೂ ಗಾಡಿ ಬರುವುದು ಆ ಕಡೆಯಿಂದಲೇ" ಎಂದರು. ರಜೆಗೆ ಊರಿಗೆ ಹೋದಾಗ ಅವರೂ ಹಾಗೆಯೇ ನೋಡಿ ಬಸ್ಸಿನ ಕ್ಲೀನರನಿಂದ ಬೈಸಿಕೊಂಡಿದ್ದರು.

ತರಗತಿಯ ಕಥೆ ಎಲ್ಲಕ್ಕಿಂತ ರುಚಿ. ಅಲ್ಲಿ ಪ್ರೊಫೆಸರು ಪಾಠ ಹೇಳುವಾಗ ಯಾರೂ ಉಸಿರೆತ್ತುವುದಿಲ್ಲವಂತೆ. ಬ್ರಾಡ್ ಮಾತ್ರ ಪ್ರತಿ ತರಗತಿಯಲ್ಲೂ ಉದ್ದನೆಯ ಕೈ ಎತ್ತಿ, "ಇದು ನನಗೆ ಅರ್ಥವಾಗಲಿಲ್ಲ" ಎನ್ನುತ್ತಿದ್ದ. ಇಂಗ್ಲಿಷ್ ಹುಡುಗರು ನಾಚಿಕೆಯಿಂದ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ವರ್ಷವಿಡೀ ಓದಿದೆಯಾ ಬಿಟ್ಟೆಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೊನೆಗೆ ಒಂದೇ ಪರೀಕ್ಷೆ. ಅಮೆರಿಕದಲ್ಲಿ ವಾರವಾರ ಪರೀಕ್ಷೆ ಬರೆದು ಬಂದ ಬ್ರಾಡನಿಗೆ ಇದು ನುಂಗಲಾಗದ ತುತ್ತು. "ಹಾಗಾದರೆ ನಾನು ಮುಳುಗುತ್ತಿದ್ದೇನೆ ಎಂದು ಇವರಿಗೆ ತಿಳಿಯುವುದು ಹೇಗೆ?" ಎಂದು ಕೇಳಿದನಂತೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಎಂಥ ಪೆದ್ದ ರೀ ಅವ್ನು! ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡು ಕೂತ್ಕೋಬೇಕು ತಾನೆ?" ಎಂದರು ಪದ್ಮಾ ಮೇಡಂ, ಕಣ್ಣೊರೆಸಿಕೊಳ್ಳುತ್ತ.

ಹೀಗೆ ನಕ್ಕವರು ಯಾರು? ನಾನು ಬರ್ಕಾಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ನನಗೆ ಬರುತ್ತಿದ್ದ ಅರಬ್ಬಿ ಎಂದರೆ 'ಯಲ್ಲಾ' ಮತ್ತು 'ಖಲಾಸ್', ಹೊರಡು ಮತ್ತು ಮುಗಿಯಿತು. ಇವೆರಡರಿಂದಲೇ ಸಂಸಾರ ನಡೆಸಿದ್ದೆ. ಪಕ್ಕದ ಮನೆಯ ಒಮಾನಿ ಹೆಂಗಸು ರಂಜಾನಿನಲ್ಲಿ ತಟ್ಟೆ ತುಂಬ ಖರ್ಜೂರ ಕಳಿಸುತ್ತಿದ್ದಳು. ಆ ತಟ್ಟೆಯಲ್ಲಿ ಚಕ್ಕುಲಿ ಹಾಕಿ ವಾಪಸು ಕೊಡುತ್ತಿದ್ದೆ. ಒಂಬತ್ತು ರಂಜಾನ್ ಕಳೆದರೂ ಅವಳ ಹೆಸರು ಕೇಳಿರಲಿಲ್ಲ. ಕೇಳಿದರೆ ಏನು ತಿಳಿದುಕೊಂಡಾಳೋ! ಅಂಥ ನಾವು, ಮೂರು ತಿಂಗಳಲ್ಲಿ ಇಡೀ ಬೀದಿಯ ಹೆಸರು ಕೇಳಿಕೊಂಡವನನ್ನು ಪೆದ್ದ ಎನ್ನುತ್ತಿದ್ದೆವು. ಪರವೂರಿನಲ್ಲಿ ನಗೆಪಾಟಲಾಗದೆ ಬದುಕುವುದಕ್ಕೆ ಸುಲಭದ ದಾರಿ ಎಂದರೆ ಇಂಗ್ಲೆಂಡಿನಷ್ಟು ದೂರದಲ್ಲಿ ಇನ್ನೊಬ್ಬ ನಗೆಪಾಟಲಾಗುತ್ತಿರುವುದು.

ಬ್ರಾಡ್ ಬಲು ಬೇಗ ಪ್ರಸಿದ್ಧನಾದ. ಅವನ ಕ್ಯಾಸೆಟ್ ಸಹಮ್‌ಗೆ ಹೋಯಿತು, ಅಲ್ಲಿಂದ ಒಳನಾಡಿನ ಇಬ್ರಿ ಎಂಬ ಊರಿಗೆ ಹೋಗಿ ಹದಿನೈದು ದಿನ ಕಳೆದು ಮಸಾಲೆ ವಾಸನೆ ಹೊತ್ತು ಬಂತು. ನಾನು ದಿನುವಿಗೆ ಕಳಿಸುವ ಕ್ಯಾಸೆಟ್ಟುಗಳಲ್ಲಿ "ನೀನು ಹೇಗಿದ್ದೀಯ" ಎನ್ನುವುದು ಚಿಕ್ಕದಾಗುತ್ತ, "ಬ್ರಾಡ್ ಏನು ಮಾಡಿದ" ಎನ್ನುವುದು ದೊಡ್ಡದಾಗುತ್ತ ಹೋಯಿತು. ಅವನೂ ಕೊಡುತ್ತ ಹೋದ.

ಜುಲೈ ತಿಂಗಳಲ್ಲಿ ಬಂದ ಕ್ಯಾಸೆಟ್ ಎಲ್ಲಕ್ಕಿಂತ ಚೆನ್ನಾಗಿತ್ತು. ಬಿಸಿಲು ಬಂದ ಒಂದು ಮಧ್ಯಾಹ್ನ ಇಡೀ ಯೂನಿವರ್ಸಿಟಿ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿದ್ದು, ಬ್ರಾಡ್ ಅಲ್ಲೇ ನಿದ್ದೆ ಹೋಗಿ ಬೇಯಿಸಿದ ಸಿಗಡಿಯಂತೆ ಕೆಂಪಾಗಿ ಎದ್ದದ್ದು. ಹೊರಗೆ ಮೊಟ್ಟೆ ಬೇಯುವ ಬಿಸಿಲಿನಲ್ಲಿ ಕಿಟಕಿಗೆ ಪರದೆ ಎಳೆದುಕೊಂಡು ಕುಳಿತ ನಮಗೆ, ಬಿಸಿಲಿಗಾಗಿ ಅಂಗಿ ಬಿಚ್ಚುವವರು ಇದ್ದಾರೆ ಎಂಬುದೇ ಸಾಕಾಯಿತು. ನಕ್ಕೂ ನಕ್ಕೂ ಟೇಪನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಇನ್ನೊಮ್ಮೆ ಕೇಳಿದೆವು.

ಅಂದು ಸುಮತಿ ಒಂದು ಹೊಸ ಭಜನೆ ಕಲಿತು ಬಂದಿದ್ದಳು. "ವಾರಿಜಕ್ಕಾ, ಇದನ್ನು ರೆಕಾರ್ಡ್ ಮಾಡುವ. ನಮ್ಮ ಸಹಮ್‌ನವರಿಗೆ ಕಲಿಸ್ಲಿಕ್ಕೆ ಆಗ್ತದೆ" ಎಂದಳು. ಖಾಲಿ ಕ್ಯಾಸೆಟ್ ಇರಲಿಲ್ಲ. ಶುಕ್ರವಾರ, ಅಂಗಡಿಗಳು ತೆರೆಯುವುದು ಸಂಜೆಗೆ. "ದಿನು ಮಾತಾಡುವುದು ಒಂದೇ ಕಡೆ. ಆ ಕಡೆ ಖಾಲಿಯೇ ಇರ್ತದೆ" ಎಂದು ಆ ಜುಲೈ ಕ್ಯಾಸೆಟ್ಟನ್ನೇ ಮಗುಚಿ ಹಾಕಿ ಕೆಂಪು ಗುಂಡಿ ಒತ್ತಿದೆ. ಇಪ್ಪತ್ತೈದು ನಿಮಿಷ ತಾಳ ಹಾಕಿ ಹಾಡಿದೆವು. ಕ್ಯಾಸೆಟ್ ಸುಮತಿಯ ಚೀಲಕ್ಕೆ ಹೋಯಿತು. ನಾನು ಬೇರೆ ಕ್ಯಾಸೆಟ್ಟಿನಲ್ಲಿ ದಿನುವಿಗೆ ಉತ್ತರ ಕಳಿಸಿದೆ: "ಬ್ರಾಡ್ ಸಿಗಡಿಯಾದದ್ದು ಭಾರೀ ಲಾಯಕ್ ಆಗಿತ್ತು. ಇನ್ನೂ ಕಳಿಸು."

ಆಮೇಲೆ ಅವನಿಂದ ಕ್ಯಾಸೆಟ್ ಬರಲಿಲ್ಲ, ರಜೆ ಇರಬೇಕೆಂದು ನಾನೂ ವಿಚಾರಿಸಲಿಲ್ಲ. ನವರಾತ್ರಿಗೆ ಸುಮತಿ ನಮ್ಮೆಲ್ಲರನ್ನೂ ಸಹಮ್‌ಗೆ ಕರೆದಳು. ಅಲ್ಲಿಯ ಹೆಂಗಸರು ನಮ್ಮ ರೆಕಾರ್ಡಿಗೆ ದನಿಗೂಡಿಸಿ ಹಾಡಿದರು. ಭಜನೆ ಮುಗಿಯಿತು. ಪ್ರಸಾದ ಹಂಚುವ ಗಡಿಬಿಡಿಯಲ್ಲಿ ಟೇಪ್ ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಸ್ವಲ್ಪ ಗರಗರ ಶಬ್ದ, ಅದರ ಹಿಂದೆಯೇ ದಿನುವಿನ ದನಿ. ಆ ದನಿ ಕೇಳಿದ್ದೇ ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಬ್ರಾಡನ ಕಥೆ ಬರುತ್ತದೆ ಎಂದು ಎಲ್ಲರೂ ಕೋಸಂಬರಿಯ ತಟ್ಟೆ ಹಿಡಿದುಕೊಂಡೇ ಹತ್ತಿರ ಸರಿದರು.

ಅವನು ಮಾತನಾಡುತ್ತಿದ್ದದ್ದು ತುಳುವಿನಲ್ಲಿ. ಎರಡು ವಿಷಯದಲ್ಲಿ ಫೇಲಾಗಿದ್ದೇನೆ ಎನ್ನುತ್ತಿದ್ದ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಬರೆಯಬಹುದು, ಅದೂ ಹೋದರೆ ಸ್ಕಾಲರ್‌ಶಿಪ್ ಹೋಗುತ್ತದೆ, ಬರೆಯುವ ಧೈರ್ಯ ಇಲ್ಲ, ಅಮ್ಮನಿಗೆ ಹೇಳಿಲ್ಲ ಎನ್ನುತ್ತಿದ್ದ. ಕೊನೆಗೆ, "ಬಲ ಪಂಡ್ಂಡ ಬರ್ಪೆ, ಅಕ್ಕಾ." ಬಾ ಎಂದರೆ ಬರುತ್ತೇನೆ. ಬರ್ಕಾಕ್ಕೆ ಬಂದು ಭಾವನ ಸ್ಟೋರಿನಲ್ಲಿ ಪೈಪ್ ಎಣಿಸುತ್ತೇನೆ. ನಿಲ್ಲು ಎಂದರೆ ನಿಲ್ಲುತ್ತೇನೆ. ನಿನ್ನ ಕ್ಯಾಸೆಟ್ ಬರುವವರೆಗೆ ಏನೂ ಮಾಡುವುದಿಲ್ಲ.

ತುಳು ತಿಳಿದವರು ತಟ್ಟೆ ಕೆಳಗಿಟ್ಟರು. ತಿಳಿಯದ ಪದ್ಮಾ ಮೇಡಂ ಇನ್ನೂ ಅರ್ಧ ನಗುತ್ತಲೇ, "ಏನಂತೆ ರೀ? ಬ್ರಾಡ್ ಏನು ಮಾಡಿದ್ನಂತೆ?" ಎಂದು ಕೇಳಿದರು.

ಆ ಕ್ಯಾಸೆಟ್ಟನ್ನು ಮನೆಗೆ ತಂದು ಅದರ ಮೊದಲ ಬದಿಯನ್ನು ಒಬ್ಬಳೇ ಕೊನೆಯವರೆಗೆ ಕೇಳಿದೆ. ನಾವು ಸಿಗಡಿಗೆ ನಕ್ಕು ಟೇಪನ್ನು ಹಿಂದಕ್ಕೆ ತಿರುಗಿಸಿದ ಜಾಗದಿಂದ ಮುಂದೆ ಒಂದೇ ಒಂದು ಮಾತಿತ್ತು: "ಅಕ್ಕಾ, ಉಳಿದದ್ದು ಆ ಕಡೆ ಉಂಟು. ನೀನು ಒಬ್ಬಳೇ ಇರುವಾಗ ಕೇಳು." ಆ ಕಡೆಯ ಮೊದಲ ಇಪ್ಪತ್ತೈದು ನಿಮಿಷ ನಮ್ಮ ಭಜನೆಯಡಿ ಅಳಿಸಿಹೋಗಿತ್ತು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಅವನು ಮುರಿದಿರಲಿಲ್ಲ. ಅಕ್ಕನಿಗೆ ಕಳಿಸುವಾಗ ಯಾರು ಮುರಿಯುತ್ತಾರೆ?

ಮರುದಿನ ಪೋಸ್ಟಾಫೀಸಿನ ಹತ್ತಿರದ ಕಾರ್ಡ್ ಫೋನಿನಿಂದ ಇಂಗ್ಲೆಂಡಿಗೆ ಫೋನ್ ಮಾಡಿದೆ. ಮುದುಕಿ ಎತ್ತಿದಳು. "ದಿನೇಶ್. ಸಿಸ್ಟರ್" ಎಂದು ನನ್ನ ಇಂಗ್ಲಿಷನ್ನು ಎರಡು ಮಾತಿನಲ್ಲಿ ಮುಗಿಸಿದೆ. ದಿನು ಬಂದ.

"ಪಾಸಾಯ್ತು ಅಕ್ಕಾ, ಸೆಪ್ಟೆಂಬರಿನಲ್ಲೇ. ನಾನೇ ಹೇಳ್ಬೇಕಂತ ಇದ್ದೆ."

"ಹೇಗೆ ಮಾರಾಯ?"

"ಬ್ರಾಡ್. ಪರೀಕ್ಷೆ ಆದ ಮೇಲೆ ಅವನು ಅಮೆರಿಕಕ್ಕೆ ಹೋಗ್ಬೇಕಿತ್ತು, ಹೋಗ್ಲಿಲ್ಲ. ಎಂತಾಯ್ತು ಎಂತಾಯ್ತು ಅಂತ ಕೇಳಿ ಕೇಳಿ ನನ್ನ ಬಾಯಿಂದ ಬಿಡಿಸಿದ. ಕೈ ಹಿಡಿದು ಎಳ್ಕೊಂಡು ಹೋಗಿ ಪ್ರೊಫೆಸರ ಬಾಗಿಲು ತಟ್ಟಿದ. ಇವನಿಗೆ ಅರ್ಥವಾಗ್ಲಿಲ್ಲ, ಹೇಳಿಕೊಡಿ ಅಂದ. ಅವರು ಎಲ್ಲ ಪುನಃ ಹೇಳಿಕೊಟ್ಟರು. ಅವನು ಹೋದದ್ದು ನನ್ನ ಪರೀಕ್ಷೆ ಮುಗಿದ ಮೇಲೆ." ಆಮೇಲೆ ಹೇಳಿದ: "ನೀನು ಬಾ ಅಂತಲೂ ಹೇಳ್ಲಿಲ್ಲ, ನಿಲ್ಲು ಅಂತಲೂ ಹೇಳ್ಲಿಲ್ಲ. ಮೊದ್ಲು ಬೇಜಾರಾಯ್ತು. ಮತ್ತೆ ಗೊತ್ತಾಯ್ತು. ನೀನೇ ನಿರ್ಧಾರ ಮಾಡು, ನಿನ್ನಿಂದ ಆಗ್ತದೆ ಅಂತ ಅಲ್ವಾ ನೀನು ಸುಮ್ಮನಿದ್ದದ್ದು?"

ಕಾರ್ಡಿನಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ನಿಜ ಹೇಳುವುದಕ್ಕೆ ಅಷ್ಟು ಬೇಡ.

"ಹೌದು" ಎಂದೆ.

ಇದೇ ನಾನು ಹೇಳಬೇಕೆಂದಿದ್ದ ತಪ್ಪು. ಕ್ಯಾಸೆಟ್ಟಿನ ಮೇಲೆ ಭಜನೆ ಹಾಡಿದ್ದು ಅಜಾಗರೂಕತೆ, ದೇವರೂ ಕ್ಷಮಿಸಿಯಾನು, ಹಾಡಿದ್ದು ಅವನದೇ ಹೆಸರು. ಈ ಹೌದು ಮಾತ್ರ ಗೊತ್ತಿದ್ದೇ ಹೇಳಿದ್ದು. ಅಂದಿನಿಂದ ಅದು ಬೆಳೆಯುತ್ತಲೇ ಇದೆ. ದಿನು ಈಗ ಸ್ವತಃ ಪಾಠ ಹೇಳುವವನು. ಊರಿನಲ್ಲಿ ಅವನಿಗೆ ಸನ್ಮಾನ ಮಾಡಿದಾಗ, "ನಾನು ಸೋತು ಕುಳಿತಿದ್ದಾಗ ನನ್ನ ಅಕ್ಕ ಒಂದು ಮಾತೂ ಆಡಲಿಲ್ಲ. ಆ ಮೌನ ನನ್ನನ್ನು ನಿಲ್ಲಿಸಿತು" ಎಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನನ್ನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ಸೆಕೆಗಾಲ ಬೇರೆ. ಅಮೆರಿಕದಲ್ಲಿ ಎಲ್ಲೋ ದಿನಾ ಸ್ನಾನ ಮಾಡಿಕೊಂಡಿರುವ ಒಬ್ಬನ ಶಾಲನ್ನು ಹೊದ್ದುಕೊಂಡು ನಾನು ಬೆವರುತ್ತ ನಿಂತೆ.

ಹೇಳಲು ಹೊರಟಾಗಲೆಲ್ಲ ನಾನು ಬ್ರಾಡನ ಕಥೆಯಿಂದ ಶುರುಮಾಡುತ್ತೇನೆ. ದಿನು ನಗುತ್ತಾನೆ, ನಾನೂ ನಗುತ್ತೇನೆ, ಫೋನ್ ಇಡುತ್ತೇವೆ. ಆ ಜುಲೈಯಲ್ಲಿ ಅವನು ಮೊದಲು ನಮ್ಮನ್ನು ನಗಿಸಿದ್ದು ಏಕೆಂದು ಈಗ ತಿಳಿಯುತ್ತದೆ. ಇಲ್ಲಿಯೂ ಅದನ್ನೇ ಮಾಡಿದ್ದೇನೆ. ನಲ್ಲಿ, ಐಸು, ಸಿಗಡಿ ಎಲ್ಲ ಮುಂದೆ ಇಟ್ಟು, ಹೇಳಬೇಕಾದದ್ದನ್ನು ಆ ಕಡೆಗೆ ಇಟ್ಟಿದ್ದೇನೆ.

ದಿನು, ಇದು ನಿನ್ನ ಕೈಗೆ ಬಂದಾಗ ಸಿಗಡಿಯವರೆಗೆ ಓದಿ ನಕ್ಕು ಮತ್ತೆ ಮೊದಲಿನಿಂದ ಓದಲು ಹೋಗಬೇಡ. ಮುಂದೆಯೂ ಉಂಟು. ಒಬ್ಬನೇ ಇರುವಾಗ ಓದು.