ಒತ್ತು ಉಳಿಸಿದ ಆಪಾ

ಭಾಗ್ಯಾ, ಮಲ್ಲೂ, ಓಣಿಗೆಲ್ಲ ಅಕ್ಕನಾಗಿದ್ದ ಪಕ್ಕದ ಮನೆಯ ಆಪಾರ ಮುಖ ನಿಮಗೆ ನೆನಪಿರಬಹುದು, ಅವರ ಬೆರಳು ನೆನಪಿರಲಿಕ್ಕಿಲ್ಲ. ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಊದಿ, ಅಲ್ಲಿಂದ ಮುಂದೆ ಕುಡುಗೋಲಿನಂತೆ ಬಾಗಿತ್ತು. ಉಗುರಿಗೆ ಸದಾ ಮದರಂಗಿ. ಕಂಪ್ಯೂಟರಿನ ಕೀಲಿ ಒತ್ತುವಾಗಲೆಲ್ಲ ಅವರ ಕೆಳತುಟಿ ಹಲ್ಲಿನ ನಡುವೆ ಸಿಕ್ಕಿಕೊಳ್ಳುತ್ತಿತ್ತು. ನೋಯುತ್ತದೆಯೇ ಎಂದು ಕೇಳಿದರೆ, ಇಲ್ಲ, ಅಕ್ಷರ ಎಣಿಸುತ್ತಿದ್ದೇನೆ ಅನ್ನುತ್ತಿದ್ದರು.

ಜೇವರ್ಗಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಅವರ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಯಡ್ರಾಮಿ ಕಡೆಯ ಹುಡುಗಿಯರು ಬಸ್ಸಿಳಿದು ನೇರ ಅಲ್ಲಿಗೇ ಬರುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ನೆಲೋಗಿಯ ಮನೆ ಬಿಟ್ಟು ನಿಮ್ಮ ಅವ್ವನ ಹತ್ತಿರ ಬಂದೆ. ಹಗಲೆಲ್ಲ ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತ, ಒಳಗಿನ ಟಕಟಕ ಸದ್ದು ಕೇಳುತ್ತಿದ್ದೆ. ಒಂದು ದಿನ ಆಪಾ ಹೊರಗೆ ಬಂದು ಕೈಯೊಳಗಿನ ಮೊರ ಇಸಿದುಕೊಂಡರು.

"ಏಳನೇ ತನಕ ಕಲ್ತೀದಿ. ಒಳಗ ಬಾ ಬೇ. ಹೊರಗ ಕುಂತು ಕೇಳಿದ್ರ ಬೆರಳಿಗಿ ಹೆಂಗ ತಿಳೀತದ?"

ಹೀಗೆ ನಾನು ಕಲಿತೆ. ಗೊತ್ತಿದ್ದದ್ದನ್ನೇ ಬರೆ ಅಂದರು. ನನಗೆ ಗೊತ್ತಿದ್ದದ್ದು ನಿಮ್ಮ ಅಜ್ಜ. ಅವರ ಹೆಸರನ್ನು ನಾನು ಬಾಯಲ್ಲಿ ಎಂದೂ ಹೇಳಿದವಳಲ್ಲ, ಬೆರಳಿನಿಂದಲೂ ಹೇಳಲಾಗಲಿಲ್ಲ. ಹಿರಿಮಗಳೆಂದರೆ ನಿಮ್ಮ ಅವ್ವ. ಆದ್ದರಿಂದ ಹಾಳೆಯ ತುಂಬ "ನೆಲೋಗಿ ಮನೆಯ ಹಿರಿಮಗಳ ಅಪ್ಪ" ಎಂದೇ ಬರೆದೆ. ಆಪಾ ಓದಿದರು, ನಗಲಿಲ್ಲ.

ನಾವು ಬರೆಯುತ್ತಿದ್ದ ತಂತ್ರಾಂಶ ಯಾರೊಬ್ಬರದೂ ಅಲ್ಲ. ಬಲ್ಲವರು ಯಾರು ಬೇಕಾದರೂ ಅದನ್ನು ದುರಸ್ತಿ ಮಾಡಿ ಕಳಿಸಬಹುದಂತೆ. ಅದರ ತಳದಲ್ಲಿ ಒಂದು ಪಟ್ಟಿ. ಅಲ್ಲಿ ಪದ ಬರೆದರೆ ಆ ಪದ ಹಾಳೆಯಲ್ಲಿ ಎಲ್ಲಿದೆಯೋ ಹುಡುಕಿ ಕೊಡುತ್ತದೆ. ಮೇಲಿನ ಬಾಣ ಒತ್ತಿದರೆ, ಹಿಂದೆ ಹುಡುಕಿದ್ದ ಪದಗಳು ಒಂದೊಂದಾಗಿ ಮರಳಿ ಬರುತ್ತವೆ. ಕರೆಂಟು ಹೋಯಿತೋ, ಎಲ್ಲ ಮರೆತುಹೋಗುತ್ತಿತ್ತು. ಹುಡುಗಿಯರ ಹಾಳೆ ತಿದ್ದಲು ಆಪಾ ಆ ಬೆರಳಿನಿಂದ ಅವೇ ಪದಗಳನ್ನು ಮತ್ತೆ ಬರೆಯಬೇಕು. ದಿನಕ್ಕೆ ನಾಲ್ಕು ಸಲವಾದರೂ ಹೀಗಾಗುತ್ತಿತ್ತು. ಇನ್ನೊಂದು ವರ್ಷ ಹೀಗೇ ನಡೆದರೆ ಬೆರಳು ಪೂರ್ತಿ ಸೋತು ಕ್ಲಾಸು ಮುಚ್ಚಬೇಕಾಗುತ್ತದೆ ಎಂದು ಒಮ್ಮೆ ಗೋಡೆ ನೋಡುತ್ತ ಹೇಳಿದ್ದರು.

ಆ ಬೇಸಿಗೆ ಪೂರ್ತಿ ಕುಳಿತು ಅವರೇ ಒಂದು ಪ್ಯಾಚು ಬರೆದರು. ಹರಿದ ಬಟ್ಟೆಗೆ ಹಚ್ಚುವ ತೇಪೆ ಇದ್ದಂತೆ, ನಾನು ಅದಕ್ಕೆ ತ್ಯಾಪಿ ಎನ್ನುತ್ತಿದ್ದೆ. ಬರೆದ ಪದಗಳನ್ನು ಆಗಿಂದಾಗ ಒಂದು ಕಡತದಲ್ಲಿ ಇಟ್ಟುಕೊಂಡು, ಮತ್ತೆ ತೆರೆದಾಗ ಮರಳಿ ಕೊಡುವ ತ್ಯಾಪಿ. ಆದರೆ ಹೊಲಿದವರೇ ಚೆನ್ನಾಗಿದೆ ಎಂದರೆ ನಡೆಯುವುದಿಲ್ಲ, ಇನ್ನೊಬ್ಬರು ಬಳಸಿ ನೋಡಿ ಹೇಳಬೇಕು ಎಂಬುದು ಆ ತಂತ್ರಾಂಶ ನೋಡಿಕೊಳ್ಳುವವರ ನಿಯಮ. ತಮ್ಮ ಬಳಿ ಒಬ್ಬರಿದ್ದಾರೆ ಎಂದು ಆಪಾ ಬರೆದುಬಿಟ್ಟಿದ್ದರು. ಆ ಒಬ್ಬರು ನಾನು.

"ನನಗೇನ್ ತಿಳೀತದ್ರಿ ಆಪಾ."

"ಕೌದಿ ಹೊಲೀತೀದಿಲ್ಲ? ಮ್ಯಾಲಿನ ಬಣ್ಣ ನೋಡ್ತೀಯೋ, ಹೊಳ್ಳಿಸಿ ಹೊಲಿಗಿ ನೋಡ್ತೀಯೋ?"

"ಹೊಳ್ಳಿಸೇ ನೋಡ್ತೇನ್ರಿ."

"ಇದೂ ಹಂಗ. ಎಲ್ಲಿ ಹರೀತದ ನೋಡು."

ಜೋಳ, ತೊಗರಿ ಎಂದು ಬರೆದು ಹುಡುಕಿದೆ. ಮುಚ್ಚಿ ತೆರೆದು ಬಾಣ ಒತ್ತಿದೆ. ತೊಗರಿ ಬಂತು, ಅದರ ಹಿಂದೆ ಜೋಳ ಬಂತು. ಈಗ ಪ್ಲಗ್ಗು ಕಿತ್ತು ನೋಡು ಅಂದರು. ನನ್ನ ಕೈ ಹಿಂದಕ್ಕೆ ಬಂತು. "ಕೀಳು ಬೇ, ಕರೆಂಟು ನಿನ್ನ ಕೇಳಿ ಹೋಗ್ತದೇನು?" ಕಿತ್ತೆ. ಮತ್ತೆ ಹಚ್ಚಿದಾಗ ತೊಗರಿ, ಜೋಳ ಎರಡೂ ಜಾಗದಲ್ಲೇ ಇದ್ದವು. ಆಪಾ ಆ ಸೊಟ್ಟ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು.

ಮರುದಿನ ಒಬ್ಬಳೇ ಇದ್ದಾಗ ನನ್ನ ಹಾಳೆಯಲ್ಲಿ ಅಜ್ಜನನ್ನು ಹುಡುಕಿದೆ. ಸಿಕ್ಕರು. ಮುಚ್ಚಿ ತೆರೆದು ಬಾಣ ಒತ್ತಿದರೆ, "ನೆಲೋಗಿ ಮನೆಯ ಹಿರಿಮಗಳ ಅಪ್" ಎಂದು ಬಂದು, ಮುಂದೆ ಕಪ್ಪು ಚೌಕದೊಳಗೆ ಒಂದು ಪ್ರಶ್ನೆಚಿಹ್ನೆ. ನಾನೇ ಏನೋ ಕೆಡಿಸಿದೆ ಅಂದುಕೊಂಡೆ. ಅದನ್ನು ತೋರಿಸಿದರೆ ಯಾರನ್ನು ಹುಡುಕುತ್ತಿದ್ದೆ ಎಂಬುದೂ ತಿಳಿಯುತ್ತದಲ್ಲ ಎಂದು ನಾಚಿಕೆ ಬೇರೆ. ಆಪಾ ಬಂದು ಎಲ್ಲ ಸರಿಯಿದೆಯೇ ಎಂದು ಕೇಳಿದಾಗ ಹೌದ್ರಿ ಎಂದುಬಿಟ್ಟೆ. ಮಧ್ಯಾಹ್ನದ ನಮಾಜು ಮುಗಿಸಿ ಕಳಿಸುತ್ತೇನೆ ಅಂದರು.

ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ನನಗೆ ಗೊತ್ತೇ ಆಗಲಿಲ್ಲ. ಒಂದು ಬೇಸಿಗೆಯ ನೋವು ಆ ತ್ಯಾಪಿಯಲ್ಲಿತ್ತು. ಅದು ಹರಿದದ್ದು ಕಂಡೂ ನಾನು ಹೌದ್ರಿ ಅಂದಿದ್ದೆ. ಹಿಟ್ಟಿನ ಕೈಯಲ್ಲೇ ಓಡಿದೆ. ಆಪಾ ಆಗಷ್ಟೇ ಚಾಪೆ ಮಡಿಸುತ್ತಿದ್ದರು.

"ಕಳಿಸಬ್ಯಾಡ್ರಿ. ಅಪ್ಪನ ಒತ್ತು ಹೋಗ್ಯಾದ."

ತೋರಿಸಿದೆ. ಅವರು ಪರದೆಗೆ ಕಣ್ಣು ಹಚ್ಚಿ ಅಕ್ಷರ ಎಣಿಸಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಒಂದು ಸಾಲಿಗೆ ಅರವತ್ತನಾಲ್ಕು ಜಾಗ ಸಾಕೆಂದು ಅಳತೆ ಹಾಕಿದ್ದರಂತೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಜಾಗ ಸಾಕು. ನಮ್ಮ ಅಕ್ಷರಕ್ಕೆ ಮೂರು, ಅದರ ಗುಡಿಸಿಗೆ ಮೂರು, ಒತ್ತಿಗೆ ಮತ್ತೆ ಬೇರೆ. ಜೋಳ, ತೊಗರಿ ಸಣ್ಣವು, ಹಿಡಿಸಿದವು. ಅಜ್ಜ ಹಿಡಿಸಲಿಲ್ಲ, ಕೊನೆಯ ಅಕ್ಷರದ ನಡುವೆಯೇ ಕತ್ತರಿ ಬಿದ್ದಿತ್ತು.

"ನೀ ಗಂಡನ ಹೆಸರು ಹೇಳಾಕಿ ಆಗಿದ್ರ ಈ ತಪ್ಪು ಸಿಗ್ತಿದ್ದಿಲ್ಲ ಬೇ," ಅಂದರು ಆಪಾ.

ಎರಡು ದಿನದಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು. ಈಗ ಅಳತೆ ದೊಡ್ಡದಾಗಿತ್ತು. ಅದೂ ಮೀರಿದರೆ ಅಕ್ಷರ ಹರಿಯದೆ, ಇಡೀ ಅಕ್ಷರದ ಅಂಚಿಗೇ ನಿಲ್ಲುತ್ತಿತ್ತು. ಕಳಿಸಿದ ಮೇಲೆ ಆ ಕಡೆಯವರೊಬ್ಬರು, ಇಷ್ಟು ಉದ್ದದ ಸಾಲನ್ನು ಯಾರು ಹುಡುಕುತ್ತಾರೆ, ಅಳತೆ ಹೆಚ್ಚಿಸಿದ್ದೇ ಸಾಕಿತ್ತು, ಉಳಿದದ್ದು ತೆಗೆಯಿರಿ ಎಂದು ಬರೆದರು. ಆಪಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಉತ್ತರ ಬರೆದು, ಕನ್ನಡದಲ್ಲಿ ಓದಿ ಹೇಳಿದರು: ನಮ್ಮ ಊರಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಆದ್ದರಿಂದ ನಮ್ಮ ಹುಡುಕಾಟ ಉದ್ದವೇ ಇರುತ್ತದೆ, ಅಳತೆ ಎಷ್ಟೇ ಇರಲಿ, ಅಂಚಿನ ಅಕ್ಷರ ಹರಿಯಬಾರದು.

ಅದನ್ನು ಓದಿ, ಬೇರೆ ಯಾವುದೋ ದೇಶದವರೊಬ್ಬರು ತಮ್ಮ ಲಿಪಿಗೂ ಮೂರು ಜಾಗ ಬೇಕು, ಇದು ತೆಗೆಯಬೇಡಿ ಎಂದು ಬರೆದರು. ಮೊದಲು ಬೇಡವೆಂದವರೂ ಒಪ್ಪಿದರು. ಪರೀಕ್ಷಿಸಿದವರ ಹೆಸರು ಬೇಕೆಂದರು. ಪಕ್ಕದ ಮನೆಯವಳು ಎಂದು ಬರೆಯಿರಿ ಅಂದೆ.

"ಪಕ್ಕದ ಮನಿಗಿ ಹೆಸರಿಲ್ಲೇನು?" ಎಂದು ಆಪಾ ಕೀಲಿಮಣೆ ನನ್ನ ಕಡೆ ತಳ್ಳಿದರು. ಶಾಂತಾಬಾಯಿ ಎಂದು ಬರೆದೆ. ಮದುವೆಯಾದ ಮೇಲೆ ಯಾರ ಹೆಂಡತಿ, ಯಾರ ಅವ್ವ ಎಂದು ಸೇರಿಸದೆ ನನ್ನ ಹೆಸರನ್ನು ನಾನು ಬರೆದದ್ದು ಅದೇ ಮೊದಲು.

ಅದೇ ವಾರ ನಮ್ಮ ತ್ಯಾಪಿ ತಂತ್ರಾಂಶದಲ್ಲಿ ಸೇರಿತು. ಆಪಾ ಓಣಿಗೆಲ್ಲ ಜಿಲೇಬಿ ಹಂಚಿದರು. ಮದುವೆ ಗೊತ್ತಾಯಿತೇನು ಎಂದು ಕೇಳಿದವರಿಗೆ, "ಇಲ್ಲ, ಶಾಂತಾಬಾಯಿ ಗೆದ್ದಾಳ" ಎಂದು ಹೇಳುತ್ತ ಹೋದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಕ್ಲಾಸು ಮುಚ್ಚಲಿಲ್ಲ. ಮುಂದೆ ಐದು ವರ್ಷ ನಡೆಯಿತು, ಆಪಾ ಇರುವ ತನಕ.

ಹೋದ ವರ್ಷ ರಂಜಾನ್ ಕಳೆದ ಮೇಲೆ ಅವರು ಹೋದರು. ಅವರ ಮಗಳು ಆ ಕಂಪ್ಯೂಟರನ್ನು ನಮ್ಮ ಮನೆಗೇ ತಂದಿಟ್ಟಳು. ಹಚ್ಚಿ ಬಾಣ ಒತ್ತಿದೆ. ತೊಗರಿ ಬಂತು. ಜೋಳ ಬಂತು. ಮೂರನೆಯ ಸಲ "ನೆಲೋಗಿ ಮನೆಯ ಹಿರಿಮಗಳ ಅಪ್ಪ" ಬಂತು, ಒತ್ತಿನ ಸಮೇತ. ಹೊಸ ಆವೃತ್ತಿ ಬಂದಾಗಲೆಲ್ಲ ಆಪಾ ಆ ಬೆರಳಿನಿಂದ ಅದನ್ನು ಪೂರ್ತಿ ಬರೆದು ಪರೀಕ್ಷಿಸುತ್ತಿದ್ದರೆಂದು ಆಗ ಅವರ ಮಗಳು ಹೇಳಿದಳು.

ನಿಮ್ಮ ಅಜ್ಜನ ಹೆಸರನ್ನು ಇವತ್ತಿಗೂ ನಾನು ಬರೆದಿಲ್ಲ. ಆದರೂ ಹುಡುಕಿದರೆ ಸಿಗುತ್ತಾರೆ. ಭಾಗ್ಯಾ, ಮಲ್ಲೂ, ನಾನು ಬರೆದ ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿರಿ. ಅಂಚು ಹರಿಯಲು ಬಿಡಬೇಡಿರಿ, ಕೊನೆಯ ಅಕ್ಷರ ಅಲ್ಲೇ ಇರುತ್ತದೆ.