ನಾಗವೇಣಕ್ಕನ ಪಾತ್ರೆ

ಆಗೆಲ್ಲ ನಮ್ಮ ಮಾವಳ್ಳಿಯಲ್ಲಿ ಪಾತ್ರೆಗಳು ಒಂದೇ ಮನೆಯಲ್ಲಿ ಸುಮ್ಮನೆ ಕೂತಿರುತ್ತಿರಲಿಲ್ಲ. ಒಂದು ಮನೆಯಲ್ಲಿ ಹಲಸಿನ ಹಣ್ಣಿನ ಕಡಬು ಬೆಂದರೆ ಸುತ್ತಲಿನ ನಾಲ್ಕು ಮನೆಗೂ ಹೋಗಬೇಕು. ಹೋದ ಪಾತ್ರೆ ಖಾಲಿ ಬರಬಾರದು. ಹುರಿದ ಗೇರುಬೀಜವೋ, ಬಸಳೆ ದಂಟೋ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯೋ ಹಾಕಿಯೇ ವಾಪಸು ಕಳಿಸಬೇಕು. ಈ ಸಾಗಾಟವೆಲ್ಲ ಮಕ್ಕಳದು. ದಾರಿಯಲ್ಲಿ ಮುಚ್ಚಳ ಸರಿಸಿ ಮೂಸಿ ನೋಡುವುದೇ ನಮಗೆ ಸಂಬಳ. ಓದುತ್ತಿರುವ ನಿಮ್ಮಲ್ಲೂ ಹಾಗೆ ಮೂಸಿದವರು ಬೇಕಾದಷ್ಟು ಜನ ಇದ್ದೀರಿ, ನನಗೆ ಗೊತ್ತು.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನಾವು ಮಾವಳ್ಳಿಯ ಬಾಡಿಗೆ ಮನೆ ಬಿಟ್ಟೆವು. ಅಪ್ಪ ಪಂಚಾಯ್ತಿ ಆಫೀಸಿನಲ್ಲಿ ಅಟೆಂಡರ್. ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ಸಣ್ಣ ಜಾಗ ಹಿಡಿದು, ಎರಡು ಕೋಣೆ, ಒಂದು ಅಡುಗೆಮನೆ ಎಬ್ಬಿಸಿದ್ದ. ಹಾಲುಕ್ಕಿಸುವ ಶಾಸ್ತ್ರ ಮುಗಿದಿತ್ತು. ಮಳೆಗಾಲ ಹಿಡಿಯುವ ಮೊದಲು ಸಾಮಾನು ಸಾಗಿಸುವುದೊಂದು ಬಾಕಿ. ಟೆಂಪೋ ಒಂದೇ ಸಲ ಬರುತ್ತದೆ, ಅದರಲ್ಲಿ ಹಿಡಿದಷ್ಟು ಮಾತ್ರ ಎಂದು ಅಪ್ಪ ಹೇಳಿಬಿಟ್ಟ. ಹೇಳಿದವನು ಆಫೀಸಿಗೆ ಹೋದ. ಮನೆಯ ಆಡಳಿತ ಅಜ್ಜಿಯ ಕೈಗೆ ಬಂತು.

ಅಜ್ಜಿ ಎಂದರೆ ಅಪ್ಪನ ತಾಯಿ. ಅಂಗಳದಲ್ಲಿ ಮೂರು ರಾಶಿ ಮಾಡಿಸಿದಳು. ಒಯ್ಯುವುದು, ಕೊಡುವುದು, ಬಚ್ಚಲ ಒಲೆಗೆ ಹಾಕುವುದು. ಟ್ರಂಕು ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮನೆಯೆಲ್ಲ ತುಂಬಿ ನಾನು ಸೀನಿದ್ದೇ ಸೀನಿದ್ದು. ನನ್ನ ಚಿಪ್ಪುಗಳ ಡಬ್ಬಿ, ಕಾಲು ಮುರಿದ ಗೊಂಬೆ, ತೂತಾದ ಮಳೆಗಾಲದ ಚಪ್ಪಲಿ ಎಲ್ಲವನ್ನೂ ಅಜ್ಜಿ ಒಂದೇ ಮಾತಿನಲ್ಲಿ ಮೂರನೇ ರಾಶಿಗೆ ತಳ್ಳಿದಳು. ಆದರೆ ಸತ್ತುಹೋದ ಅಜ್ಜನ ಬೆಳಕು ಬಾರದ ಟಾರ್ಚು ಮಾತ್ರ ಹೇಗೋ ಮೊದಲನೇ ರಾಶಿಗೆ ಬರುತ್ತಿತ್ತು. ಅಮ್ಮ ಅದನ್ನು ತೆಗೆದಿಡುವಳು, ಅಜ್ಜಿ ಮತ್ತೆ ತಂದಿಡುವಳು. ಊರಿಗೆಲ್ಲ ಶಾಸ್ತ್ರ, ತನಗೆ ರಿಯಾಯಿತಿ. ಅಮ್ಮನೂ ಏನು ಕಡಿಮೆಯಲ್ಲ. ನನ್ನ ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತವಳು, ಕಡೆಗೆ ಅದನ್ನು ಕೇರಿಯ ತುದಿಯ ಬಸುರಿ ಹೆಂಗಸಿಗೆ ಕೊಟ್ಟು ಬಂದು, ಒಳ್ಳೆಯದಾಯಿತು ಅಂದಳು.

ಅಡುಗೆಮನೆಯ ಮೇಲಿನ ಹಲಗೆ ಖಾಲಿ ಮಾಡುವಾಗ ಹಿಂದಿನ ಮೂಲೆಯಿಂದ ಮುಚ್ಚಳವಿದ್ದ ಒಂದು ಸ್ಟೀಲ್ ಪಾತ್ರೆ ಇಳಿಯಿತು. ಹಳೆಯ ಪೇಪರು ಸುತ್ತಿತ್ತು. ಬಿಚ್ಚಿದರೆ ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ: ನಾಗವೇಣಿಯ ಮದುವೆಗೆ ಸೋದರಮಾವನಿಂದ. ಅಮ್ಮನ ಮುಖ ಬಾಡಿತು. ಈ ಪಾತ್ರೆಯನ್ನು ಯಾವ ರಾಶಿಗೂ ಹಾಕುವಂತಿರಲಿಲ್ಲ.

ನಾಗವೇಣಕ್ಕ ನಮ್ಮ ಬೇಲಿಯಾಚೆಯ ಮನೆಯವಳು. ಅಮ್ಮ ಮದುವೆಯಾಗಿ ಮಾವಳ್ಳಿಗೆ ಬಂದಾಗ ಬಾವಿಯ ದಾರಿ ತೋರಿಸಿದವಳು, ನಾನು ಹುಟ್ಟಿದಾಗ ಬಾಣಂತನಕ್ಕೆ ಕೈ ಹಚ್ಚಿದವಳು. ಎರಡು ವರ್ಷದ ಹಿಂದೆ ಇದೇ ಪಾತ್ರೆಯಲ್ಲಿ ಕಡಬು ಕಳಿಸಿದ್ದಳು. ಮರುದಿನವೇ ಅವಳ ಮನೆಯ ಕರು ಹಗ್ಗ ಕಳಚಿಕೊಂಡು ಬಂದು, ಅಮ್ಮ ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳವನ್ನೆಲ್ಲ ತುಳಿದು ಹೋಯಿತು. ಬೆಳಗಿನಿಂದ ಬೆನ್ನು ಬಗ್ಗಿಸಿ ಲಟ್ಟಿಸಿದ ಹಪ್ಪಳ. ಸಿಟ್ಟಿನಲ್ಲಿ ಅಮ್ಮ ಬೇಲಿಯ ಮೇಲಿನಿಂದ, ಮಗನನ್ನೇ ಹಿಡಿದಿಟ್ಟುಕೊಳ್ಳಲಾರದವರು ಕರುವನ್ನು ಏನು ಕಟ್ಟುತ್ತಾರೆ ಎಂದುಬಿಟ್ಟಳು.

ನಾಗವೇಣಕ್ಕನ ಹಿರಿಯ ಮಗ ಆ ವರ್ಷ ಮನೆಯಲ್ಲಿ ಜಗಳಾಡಿ, ಯಾರಿಗೂ ಹೇಳದೆ ಗೋವೆಯ ಮೀನುಬೋಟಿನ ಕೆಲಸಕ್ಕೆ ಹೋಗಿದ್ದ, ಆಮೇಲೆ ಅವನ ಸುದ್ದಿಯೇ ಇರಲಿಲ್ಲ. ಅಮ್ಮನ ಮಾತಿಗೆ ನಾಗವೇಣಕ್ಕ ತಿರುಗಿ ಒಂದು ಮಾತೂ ಆಡದೆ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು ಎಂದು ಅಮ್ಮ ಆಮೇಲೆ ಎಷ್ಟು ಸಲ ಅಂದಿದ್ದಳೋ. ಅಂದಿನಿಂದ ಎರಡು ಮನೆಗೆ ಮಾತಿಲ್ಲ. ಅವಳ ಮಗಳು ಲತಾ ಮತ್ತು ನಾನು ಮಾತ್ರ ದೊಡ್ಡವರ ಕಣ್ಣು ತಪ್ಪಿಸಿ ಗೇರುಮರದ ಬುಡದಲ್ಲಿ ಬೀಜದ ಆಟ ಆಡುತ್ತಿದ್ದೆವು. ಗೋಲಿಯ ಹಾಗೆ ಗೇರುಬೀಜ ಸಾಲಾಗಿ ಇಟ್ಟು ಹೊಡೆಯುವ ಆಟ. ಕೈಗೆಲ್ಲ ಸೊನೆ ತಾಗಿ ಚರ್ಮ ಸುಲಿಯುತ್ತಿತ್ತು. ಮುಟ್ಟಳ್ಳಿಗೆ ಹೋದರೆ ಲತಾ ಇನ್ನು ಸಿಗುವುದಿಲ್ಲ ಎಂದು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಮಾತಿಲ್ಲದ ಮನೆಗೆ ಮಗಳನ್ನು ಯಾರು ಬಸ್ಸು ಹತ್ತಿಸಿ ಕಳಿಸುತ್ತಾರೆ?

ಪಾತ್ರೆ ಕಂಡ ಅಜ್ಜಿ ಅಮ್ಮನಿಗೆ ಖಂಡಿತವಾಗಿ ಹೇಳಿದಳು. "ಮಂದಿ ಪಾತ್ರೆ ಹೊಸ ಮನೆಗೆ ತಕಂಡು ಹೋಗೂಕಿಲ್ಲ, ಮಾದೇವಿ. ಋಣ ಬೆನ್ನು ಹತ್ತಿ ಬರ್ತದೆ. ಕೊಟ್ಟು ಬಾ."

ಅಮ್ಮ ಮೊದಲು ನನ್ನನ್ನೇ ಕರೆದು, ಅವರು ಇಲ್ಲದ ಹೊತ್ತಿನಲ್ಲಿ ಜಗಲಿಯ ಮೇಲೆ ಇಟ್ಟು ಬಾ ಅಂದಳು. ಖಾಲಿ ಪಾತ್ರೆ ಇಟ್ಟು ಬರುವುದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಎಂದು ಅಜ್ಜಿ ತಡೆದಳು. ಅಮ್ಮ ಒಂದು ಮುಷ್ಟಿ ಸಕ್ಕರೆ ಹಾಕಿದಳು. ಎರಡು ವರ್ಷ ಇಟ್ಟುಕೊಂಡದ್ದಕ್ಕೆ ಒಂದು ಮುಷ್ಟಿಯೋ ಎಂದು ಅಜ್ಜಿ ಮೂಗೆಳೆದಳು. ಹಪ್ಪಳ ಹಾಕೋಣವೆಂದರೆ, ನಿನ್ನ ಕರು ತುಳಿದದ್ದು ಇದೇ ನೋಡು ಎಂದು ಕುಟುಕಿದಂತಾಗುತ್ತದೆ. ಕಡಬು ಹಾಕಿದರೆ, ತಗೋ ನಿನ್ನದು ನಿನಗೆ, ಲೆಕ್ಕ ಚುಕ್ತಾ ಎಂದಂತೆ. ಉಪ್ಪಿನಕಾಯಿ ಹಾಕಿದರೆ ಹುಳಿ ಮಾತಿಗೆ ಹುಳಿಯೇ ಕೊಟ್ಟಳು ಅಂದಾಳು ಎಂದು ಅಮ್ಮನಿಗೇ ಅನುಮಾನ. ದಿನವೂ ಏನಾದರೂ ಹಾಕುವುದು, ಸಂಜೆ ತೆಗೆಯುವುದು. ಹಾಕಿ ತೆಗೆದದ್ದನ್ನೆಲ್ಲ ನಾನು ತಿಂದೆ. ಆ ಪಾತ್ರೆಯಿಂದ ಲಾಭವಾದದ್ದು ನನಗೊಬ್ಬಳಿಗೇ.

ಟೆಂಪೋ ಬರುವ ದಿನ ಬಂತು. ಮಂಚ, ಟ್ರಂಕು, ಹಂಡೆ ಹತ್ತಿದವು. ಕೊಡುವ ರಾಶಿ ಕೇರಿಯ ಮನೆಗಳಿಗೆ ಹೋಗಿ ಮುಗಿದಿತ್ತು. ಮೂರನೇ ರಾಶಿ ಬೂದಿಯಾಗಿತ್ತು. ಖಾಲಿ ಅಂಗಳದಲ್ಲಿ ಆ ಪಾತ್ರೆಯೊಂದು ಉಳಿದಿತ್ತು. ಡ್ರೈವರು ಹಾರ್ನು ಹೊಡೆದ. ಅಜ್ಜಿ ಟಾರ್ಚು ಸೆರಗಿನಲ್ಲಿ ಮುಚ್ಚಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಅಮ್ಮ ಪಾತ್ರೆಯನ್ನು ನೋಡಿದಳು, ಬರಿದಾದ ಅಡುಗೆಮನೆಯನ್ನು ನೋಡಿದಳು. ಹಾಕಲು ಒಂದು ಹರಳು ಉಪ್ಪೂ ಕೈಗೆ ಸಿಗುವಂತಿರಲಿಲ್ಲ. ಆಮೇಲೆ ಪಾತ್ರೆ ಎತ್ತಿಕೊಂಡು, ಬೇಲಿಯ ದಣಪೆ ಸರಿಸಿ ಆಚೆ ನಡೆದಳು. ನಾನು ಹಿಂದೆಯೇ ಓಡಿದೆ.

ನಾಗವೇಣಕ್ಕ ಜಗಲಿಯಲ್ಲೇ ನಿಂತಿದ್ದಳು. ಹಾರ್ನು ಕೇಳಿ ಹೊರಗೆ ಬಂದವಳು, ನಮ್ಮನ್ನು ಕಂಡು ಒಳಗೆ ಹೋಗಲೋ ನಿಲ್ಲಲೋ ತಿಳಿಯದೆ ಬಾಗಿಲ ಕಂಬ ಹಿಡಿದುಕೊಂಡಳು. ಅಮ್ಮ ಎರಡೂ ಕೈಯಲ್ಲಿ ಪಾತ್ರೆ ಮುಂದೆ ಚಾಚಿದಳು.

"ಇದಕ್ಕೆ ಎಂತ ಹಾಕಿ ಕೊಡೂದು ಅಂತ ಎರಡು ವರ್ಷ ಆದ್ರೂ ಗೊತ್ತಾಗ್ಲಿಲ್ಲ, ನಾಗವೇಣಕ್ಕ," ಅಂದಳು. "ಖಾಲಿಯೇ ತಂದೆ. ಅವತ್ತು ನಾನು ಮಗನ ಸುದ್ದಿ ಎತ್ತಬಾರದಾಗಿತ್ತು."

ನಾಗವೇಣಕ್ಕ ಪಾತ್ರೆ ಇಸಿದುಕೊಂಡು, ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತಳು. ಕಡೆಗೆ ಅವಳು ಸಣ್ಣ ದನಿಯಲ್ಲಿ ಹೇಳಿದಳು. "ಅವಂದು ಫೋನು ಬಂದ ದಿನ, ಮೊದ್ಲು ನಿಂಗೇ ಹೇಳ್ಬೇಕು ಅಂತ ಓಡಿ ಬಂದೆ, ಮಾದೇವಿ. ಬೇಲಿ ತನಕ ಬಂದ ಮೇಲೆ ನೆನಪಾತು, ನಮಗೆ ಮಾತಿಲ್ಲ ಅಂತ."

ಅಮ್ಮ ಅತ್ತುಬಿಟ್ಟಳು. ಅವಳು ಅಳುವುದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ನಾಗವೇಣಕ್ಕ ಪಾತ್ರೆ ಹಿಡಿದು ಒಳಗೆ ಹೋದಳು. ಲತಾ ಬಾಗಿಲ ಸಂದಿಯಿಂದ ಹೊರಗೆ ಬಂದು ನನ್ನ ಪಕ್ಕ ನಿಂತಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ.

ನಾಗವೇಣಕ್ಕ ಹೊರಗೆ ಬಂದಾಗ ಪಾತ್ರೆ ತುಂಬಿತ್ತು. ಮಧ್ಯಾಹ್ನಕ್ಕೆಂದು ಅವಳು ತನ್ನ ಮನೆಗೆ ಮಾಡಿದ್ದ ಕೊಚ್ಚಕ್ಕಿ ಅನ್ನ, ಅದರ ಮೇಲೆ ಬಾಳೆಲೆ ತುಂಡಿನಲ್ಲಿ ಮಾವಿನಕಾಯಿ ಚಟ್ನಿ, ಇನ್ನೊಂದು ತುಂಡಿನಲ್ಲಿ ಹುರಿದ ಒಣಮೀನು. ಹೊಸ ಮನೆಯಲ್ಲಿ ಒಲೆ ಹೊತ್ತಿಸಲು ಹೊತ್ತಾಗುತ್ತದೆ, ಹುಡುಗಿಗೆ ಹಸಿವಾದೀತು ಎಂದಳು. ಅಮ್ಮ ಕಣ್ಣೊರೆಸಿಕೊಳ್ಳುತ್ತ, ಈ ಪಾತ್ರೆಯನ್ನು ಮತ್ತೆ ಹೇಗೆ ಒಯ್ಯಲಿ ಎಂದು ತಡವರಿಸಿದಳು.

"ಕೊಡೂಕೆ ಬಾ," ಎಂದಳು ನಾಗವೇಣಕ್ಕ.

ಟೆಂಪೋದ ಹತ್ತಿರ ಬಂದ ಅಮ್ಮ ಅಜ್ಜಿಯ ಮುಖ ನೋಡಿದಳು. ಅಷ್ಟು ದಿನ ಋಣ, ಶಾಸ್ತ್ರ ಎಂದು ಕುಟ್ಟುತ್ತಿದ್ದ ಅಜ್ಜಿ ಮುಚ್ಚಳ ಸರಿಸಿ ಒಣಮೀನಿನ ಪರಿಮಳ ಎಳೆದುಕೊಂಡು, ತುಂಬಿದ ಪಾತ್ರೆಗೆ ಶಾಸ್ತ್ರವಿಲ್ಲ ಎಂದು ಕೂತಲ್ಲೇ ಹೊಸ ಕಾನೂನು ಮಾಡಿದಳು. ಮುಟ್ಟಳ್ಳಿಯ ಮನೆಯಲ್ಲಿ ಸುಣ್ಣದ ವಾಸನೆಯ ನಡುವೆ, ಬಿಚ್ಚದ ಗಂಟುಗಳ ಮೇಲೆ ಕೂತು ನಾವೆಲ್ಲ ಆ ಅನ್ನ ಉಂಡೆವು. ಅಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ.

ಆಮೇಲೆ ಆ ಪಾತ್ರೆ ಮಾವಳ್ಳಿಗೂ ಮುಟ್ಟಳ್ಳಿಗೂ ಓಡಾಡಿದ್ದೇ ಓಡಾಡಿದ್ದು. ನಾಗವೇಣಕ್ಕ ಭಟ್ಕಳದ ಸಂತೆಗೆ ಬಂದರೆ ಲತಾಳೂ ಜೊತೆಗೆ. ಗೋವೆಗೆ ಹೋದ ಮಗ ಊರಿಗೆ ಬಂದ ಸಲ ಪಾತ್ರೆ ಹೊತ್ತು ತಂದವನು ಅವನೇ. ಆ ದಿನ ಅಮ್ಮ ಅವನಿಗೆ ಬಡಿಸಿದ್ದನ್ನು ನೋಡಿದರೆ ನಾಲ್ಕು ಜನ ಉಣ್ಣಬಹುದಿತ್ತು. ಅವನು ಪಾಪ ತಲೆ ಬಗ್ಗಿಸಿ ಎಲ್ಲವನ್ನೂ ತಿಂದ.

ಈಗ ನಾನು ಕುಮಟೆಯಲ್ಲಿದ್ದೇನೆ. ಬಾಡಿಗೆಯ ಈ ಮಹಡಿ ಮನೆ ಬಿಟ್ಟು ಧಾರೇಶ್ವರದ ಸ್ವಂತ ಮನೆಗೆ ಹೋಗುವ ತಯಾರಿ ನಡೆದಿದೆ. ಮೊನ್ನೆ ಅಡುಗೆಮನೆ ಖಾಲಿ ಮಾಡಿದೆ. ಪ್ಲಾಸ್ಟಿಕ್ ಡಬ್ಬಿಗಳ ಗುಡ್ಡ ಸಿಕ್ಕಿತು. ಐಸ್‌ಕ್ರೀಮಿನದು, ಹೋಟೆಲಿನ ಪಾರ್ಸಲಿನದು, ಅವರಿವರು ಹಬ್ಬಕ್ಕೆ ಸಿಹಿ ಹಾಕಿ ಕೊಟ್ಟದ್ದು. ಯಾವುದು ಯಾರ ಮನೆಯದೋ ಗೊತ್ತಿಲ್ಲ. ಕೊಡುವಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಡಬ್ಬಿ ವಾಪಸ್ ಬೇಡ. ನಾನೂ ಹಾಗೇ ಹೇಳಿ ಕೊಟ್ಟಿದ್ದೇನೆ. ತೊಳೆಯುವ, ನೆನಪಿಡುವ, ಮತ್ತೆ ಹೋಗಿ ಬಾಗಿಲು ತಟ್ಟುವ ರಗಳೆ ಯಾರಿಗೆ ಬೇಕು? ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದೆ. ಅರ್ಧ ಗಂಟೆಯ ಕೆಲಸ. ಇಷ್ಟು ವರ್ಷ ಇದ್ದ ಮನೆಯಲ್ಲಿ ಯಾರದೊಂದು ಪಾತ್ರೆಯೂ ನನ್ನ ಹತ್ತಿರ ಉಳಿದಿಲ್ಲ, ನನ್ನದೊಂದು ಯಾರ ಹತ್ತಿರವೂ ಇಲ್ಲ ಎಂದು ಆಗ ಹೊಳೆಯಿತು. ಮನಸ್ಸಿಗೆ ಪಿಚ್ಚೆನ್ನಿಸಿತು.

ಮರುದಿನ ಹೆಸರುಬೇಳೆ ಪಾಯಸ ಮಾಡಿ, ನನ್ನ ಒಳ್ಳೆಯ ಸ್ಟೀಲ್ ಪಾತ್ರೆಯಲ್ಲಿ ಹಾಕಿ ಕೆಳಗಿನ ಮನೆಗೆ ಒಯ್ದೆ. ಅಲ್ಲಿ ಸುಮಾ ಎಂಬ ಟೀಚರ್ ಇದ್ದಾಳೆ. ಮೆಟ್ಟಿಲಲ್ಲಿ ಸಿಕ್ಕಾಗ ನಗುವುದು ಬಿಟ್ಟರೆ ನಮ್ಮಲ್ಲಿ ಹೆಚ್ಚು ಮಾತಿರಲಿಲ್ಲ. ಅವಳಿಗೆ ಗಾಬರಿ. ನೀವು ಮನೆ ಬಿಡುತ್ತಿದ್ದೀರಲ್ಲ ಅಕ್ಕ, ಈಗಲೇ ಬೇರೆ ಪಾತ್ರೆಗೆ ಹಾಕಿಕೊಂಡು ಇದನ್ನು ತೊಳೆದು ಕೊಡುತ್ತೇನೆ ಎಂದು ಪಾತ್ರೆಯೊಂದಿಗೆ ಒಳಗೆ ಹೊರಟಳು. ನಾನು ಅವಳ ಕೈ ಹಿಡಿದೆ.

"ಈಗ ಬೇಡ, ಸುಮಾ. ಧಾರೇಶ್ವರಕ್ಕೆ ತಕಂಡು ಬಾ. ಎಷ್ಟು ತಡ ಆದ್ರೂ ಅಡ್ಡಿಲ್ಲ. ಆದ್ರೆ ಪಾತ್ರೆ ನಂಗೆ ವಾಪಸ್ ಬೇಕು."